ಸ್ಪ್ರಿಂಗಿನ ಸಂದಿನ ರಬ್ಬರು

ಮೂಡಲಪಾಳ್ಯದ ಕವನಾಳ ಜೊತೆ ಎಲ್ಲಿಗೆ ಹೊರಟರೂ ತಡವಾಗುವುದು ಖಂಡಿತ. ದೋಸೆ ತಿನ್ನಲು ಹೋದರೆ ಹಂಚು ಎಷ್ಟು ದಪ್ಪ ಎಂದು ಭಟ್ಟರನ್ನು ಕೇಳುತ್ತಾಳೆ. ಮೆಟ್ರೋ ಬಾಗಿಲಿನ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಾ ಹೊಸಹಳ್ಳಿಯಲ್ಲಿ ಇಳಿಯುವುದನ್ನೇ ಮರೆತಿದ್ದಾಳೆ. ನಾವಿಬ್ಬರೂ ವಿಜಯನಗರದ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವರು. ಅವಳಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಇಂಥವಳು ನಲವತ್ತು ದಾಟಿದ ಮೇಲೆ ಕಾರ್ ರೇಸಿಗೆ ಇಳಿಯುತ್ತೇನೆ ಎಂದಾಗ ನಾನು ನಕ್ಕೆ. ಅವಳು ನಗಲಿಲ್ಲ. ಹವ್ಯಾಸಿಗಳಿಗೆಂದೇ ಒಂದು ವಿಭಾಗವಿದೆಯಂತೆ, ದಿನವೂ ಓಡಿಸುವ ಮಾಮೂಲಿ ಕಾರನ್ನೇ ತರಬಹುದಂತೆ. ಷರತ್ತು ಮಾತ್ರ ಬಿಗಿ. ಶಾಕ್ ಅಬ್ಸಾರ್ಬರ್ ಬೇಕಾದರೆ ಬದಲಿಸಿಕೊಳ್ಳಿ, ಸ್ಪ್ರಿಂಗು ಕಂಪನಿ ಕೊಟ್ಟ ಹಾಗೆಯೇ ಇರಬೇಕು, ಅದಕ್ಕೆ ಏನನ್ನೂ ಸೇರಿಸುವಂತಿಲ್ಲ. ಕವನಾ ವರ್ಷವಿಡೀ ಭಾನುವಾರದ ನಿದ್ದೆ ಬಿಟ್ಟು ಕಲಿತು ಲೈಸೆನ್ಸ್ ಪಡೆದಳು. ಹೊಸಬರಿಗೆ ವರ್ಷಕ್ಕೆ ಒಂದೇ ರೇಸು. ತಪ್ಪಿದರೆ ಮತ್ತೆ ಮುಂದಿನ ವರ್ಷ.

ಆ ದಿನ ಊರಾಚೆಯ ಟ್ರ್ಯಾಕಿಗೆ ಅವಳ ಅಪ್ಪ ಬೈರಪ್ಪನವರೂ ನಮ್ಮ ಜೊತೆ ಬಂದರು. ಹಿಂದೆ ಹೊಲ ಉತ್ತವರು, ಈಗ ಬಾಡಿಗೆ ಮನೆಗಳ ಯಜಮಾನರು. ಕಾರು ಅವರದೇ. ತಪಾಸಣೆಗೆ ನಿಂತಿದ್ದ ಶ್ರೀಶ ಎಂಬವರು ಟಾರ್ಚ್ ಹಿಡಿದು ಕಾರಿನಡಿ ಬಗ್ಗಿ ನೋಡಿ, "ಓಕೆ ಮೇಡಂ" ಎಂದು ಪಾಸಾದ ಸ್ಟಿಕ್ಕರ್ ಅಂಟಿಸಿಯೇಬಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು.

"ಸಾರ್, ಒಂದ್ ನಿಮಿಷ," ಎಂದಳು ಕವನಾ. "ಮುಂದಿನ ಸ್ಪ್ರಿಂಗ್ ಸಂದೀಲಿ ರಬ್ಬರ್ ಬಳೆ ಥರ ಒಂದಿದ್ಯಲ್ಲ, ಅದಕ್ಕೆ ಏನಂತಾರೆ? ಕಂಪನಿಯವ್ರು ಯಾಕೆ ಕೊಟ್ಟಿರ್ತಾರೆ?"

ಶ್ರೀಶ ಮತ್ತೆ ಬಗ್ಗಿದರು. ಎದ್ದಾಗ ಮುಖ ಬದಲಾಗಿತ್ತು. "ಇದು ಕಂಪನೀದಲ್ಲ. ಯಾರು ಹಾಕ್ಸಿದ್ದು?"

"ನಾನೇ ಸ್ವಾಮಿ," ಎಂದರು ಬೈರಪ್ಪ. "ನಮ್ಮ ಕ್ರಾಸಿನ ಹಂಪು ಎಮ್ಮೆ ಮಲಗ್ದಂಗೈತೆ. ಕಾರಿನ ಹೊಟ್ಟೆ ತರೀತಿತ್ತು. ಗಾಡಿ ವಸಿ ಎತ್ರ ಆಗ್ಲಿ ಅಂತ ತಗೊಂಡ ವಾರದಲ್ಲೇ ಹಾಕ್ಸ್ದೆ. ನಮ್ಮ ಬೀದೀಲಿ ಎಲ್ರೂ ಹಾಕ್ಸವ್ರೆ. ತಪ್ಪಾ?"

"ರೇಸ್‌ಗೆ ತಪ್ಪು ಸಾರ್. ಮುಂದ್ಗಡೆ ಸ್ಪ್ರಿಂಗ್ ಬಿಗಿಯಾದ್ರೆ ಗಾಡಿ ತಿರುಗೋ ರೀತೀನೇ ಬದಲಾಗುತ್ತೆ. ತೆಗೀಬೇಕು, ಇಲ್ಲಾಂದ್ರೆ ಮನೆಗೆ ಹೋಗ್ಬೇಕು." ಹೇಳುತ್ತಲೇ ಸ್ಟಿಕ್ಕರ್ ಕಿತ್ತರು.

ನನಗೆ ಮೈಯೆಲ್ಲ ಉರಿದುಹೋಯಿತು. ಪಾಸಾದ ಮೇಲೂ ಪ್ರಶ್ನೆ ಕೇಳುವವರುಂಟೆ? ಬೈರಪ್ಪನವರಂತೂ ಎಲ್ಲರೆದುರೇ ರೇಗಿದರು. "ಬಾಯ್ ಮುಚ್ಕೊಂಡು ಇರಕ್ಕಾಗಲ್ವೇನೇ ನಿಂಗೆ?" ಕವನಾಳ ಕಣ್ಣು ತುಂಬಿ ಬಂತು. ಆದರೂ ಡಿಕ್ಕಿಯಿಂದ ಜಾಕ್ ತೆಗೆದಳು.

ಧೂಳು ಕೆಸರು ತಿಂದು ರಬ್ಬರು ಸ್ಪ್ರಿಂಗಿಗೆ ಕಚ್ಚಿಕೊಂಡುಬಿಟ್ಟಿತ್ತು. ಅವಳು ಚಕ್ರ ಬಿಚ್ಚಿದಳು, ನಾನು ಟಾರ್ಚ್ ಹಿಡಿದೆ, ಬೈರಪ್ಪ ಗೊಣಗುತ್ತಲೇ ಚಾಕು ಹಾಕಿ ಕೊಯ್ದರು. ಜಾಕ್ ಇಳಿಸಿದಾಗ ಕಾರಿನ ಮೂತಿ ಕೊಂಚ ತಗ್ಗಿತ್ತು. ಮತ್ತೆ ತಪಾಸಣೆ ಮುಗಿಯುವಷ್ಟರಲ್ಲಿ ಉಳಿದಿದ್ದುದು ಸಾಲಿನ ಕಟ್ಟಕಡೆಯ ಜಾಗ.

ಕಡೆಯಲ್ಲಿ ಹೊರಟವಳು ಕಡೆಯವಳಾಗಿಯೇ ಬಂದಳು. ಬೈರಪ್ಪ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಯೋಚಿಸುತ್ತಿದ್ದೆ. ಕವನಾ ಹೆಲ್ಮೆಟ್ ತೆಗೆದು ನನ್ನ ಕೈಗೆ ತುರುಕಿ ಸೀದಾ ಅಪ್ಪನ ಹತ್ತಿರ ಓಡಿದಳು.

"ಅಪ್ಪಾ, ಸ್ಟೇರಿಂಗ್ ಎಷ್ಟು ತಿರುಗಿಸ್ತೀನೋ ಅಷ್ಟೇ ತಿರುಗುತ್ತಪ್ಪಾ! ಇಷ್ಟು ವರ್ಷ ನಾವು ಓಡಿಸ್ತಿದ್ದಿದ್ದು ಯಾವ ಕಾರು?"

ಬೈರಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಮಗಳ ಮುಂದೆ ಕೈ ಚಾಚಿದರು.

"ಕೀ ಕೊಡು, ನಾನೂ ತಿರುಗ್ಸಿ ನೋಡ್ತೀನಿ."