ಬ್ರೌನಿನ ಮೇಲೆ ಮೂಡಿದ್ದ ಗೆರೆಗಳು

೧೯೫೪ರಲ್ಲಿ ನಾನು ನಾಗಪುರದ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದೆ. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವರಲ್ಲಿ ನಾನೇ ಮೊದಲಿಗ. ಗಾಲ್ಫ್ ಕೋಲು ಹಿಡಿದವನಲ್ಲ, ಆದರೆ ನಿಯಮಗಳೆಲ್ಲ ಬಾಯಿಪಾಠ. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುವ ಈ ಆಟಕ್ಕೆ ಅಂಪೈರ್ ಇಲ್ಲ. ತನ್ನ ಹೊಡೆತವನ್ನು ಆಟಗಾರನೇ ಪ್ರಾಮಾಣಿಕವಾಗಿ ಎಣಿಸಬೇಕು. ಕಡಿಮೆ ಬರೆದು ಲೆಕ್ಕದ ಕಾರ್ಡಿಗೆ ಸಹಿ ಹಾಕಿದರೆ ಸ್ಪರ್ಧೆಯಿಂದಲೇ ಹೊರಗೆ. ಈ ಸಂಪ್ರದಾಯ ನನಗೆ ಬಹಳ ಹಿಡಿಸಿತ್ತು.

ನಮ್ಮಲ್ಲಿ ನೀರಿನ ಅಭಾವ. ಚೆಂಡು ಬೀಳಬೇಕಾದ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳಿನ ‘ಬ್ರೌನ್’ ಇತ್ತು. ಚೆಂಡು ಉರುಳಿದಲ್ಲಿ ಗೆರೆ ಮೂಡುತ್ತಿತ್ತು. ಆಟ ಮುಗಿದೊಡನೆ ಆಟಗಾರನ ಚೀಲ ಹೊರುವ ಕ್ಯಾಡಿ ಹಲಗೆ ಎಳೆದು ಅದನ್ನು ಸಮ ಮಾಡಬೇಕು. ಮರೆತವರನ್ನು ನಾನು ಬಿಡುತ್ತಿರಲಿಲ್ಲ.

ವಾರ್ಷಿಕ ಕಪ್ಪಿನ ದಿನ ಒಬ್ಬ ದೊಡ್ಡ ಅಧಿಕಾರಿ ಒಂದೇ ಹೊಡೆತದ ಅಂತರದಿಂದ ಗೆದ್ದರು. ಅವರ ಕಾರ್ಡಿಗೆ ಸಾಕ್ಷಿ ಸಹಿ ಹಾಕಿದವರು ಅವರದೇ ಕಚೇರಿಯ ಕಿರಿಯ ಅಧಿಕಾರಿ. ನಾನು ಕೊನೆಯ ಬ್ರೌನಿಗೆ ಹೋದಾಗ ಗೆದ್ದ ಅಧಿಕಾರಿಯ ಕ್ಯಾಡಿ ಮಲ್ಲಪ್ಪ ಸುಮ್ಮನೆ ನಿಂತಿದ್ದ. ಸೊಲ್ಲಾಪುರದ ಕಡೆಯವನು, ಹನ್ನೆರಡು ವರ್ಷದ ಅನುಭವಿ.

“ಹಲಗಿ ಹಿಡ್ಕೊಂಡು ಗೊಂಬಿ ಹಂಗ ಯಾಕ ನಿಂತಿ? ಜಲ್ದಿ ಎಳಿ,” ಎಂದು ಗದರಿದೆ.

“ಸಾಹೇಬ್ರ, ಒಂದ್ ಮಾತು...”

“ಮೊದ್ಲ ಎಳಿ. ಮಾತು ಆಮ್ಯಾಲ.”

ನಾನು ನೋಡುತ್ತಿದ್ದುದು ಅವನ ಕೈಯ ಹಲಗೆಯನ್ನು, ಮರಳನ್ನಲ್ಲ. ಅವನು ತಲೆ ತಗ್ಗಿಸಿ ಪೂರ್ತಿ ಎಳೆದ. ಆಮೇಲೆ ಹೇಳಿದ: “ಇಲ್ಲಿ ಸಾಹೇಬ್ರು ಮೂರು ಸಲ ತಟ್ಯಾರ್ರಿ, ಕಾರ್ಡಿನ್ಯಾಗ ಎರಡು ಬರ್ದಾರ. ಮೂರೂ ಗೆರಿ ನಿಮಗ ತೋರ್ಸಾಕಂತನ ಬಿಟ್ಟಿದ್ದೆ.”

ಕ್ಲಬ್ಬಿನ ಕ್ಯಾಪ್ಟನ್ ಬಳಿ ಓಡಿದೆ.

“ಪುರಾವೆ?” ಎಂದರು.

“ಮರಳಿನ ಮೇಲಿತ್ತು. ನಾನೇ ಅಳಿಸಿದೆ.”

“ಜಂಟಲ್‌ಮನ್ ಮಾತಿನ ಎದುರು ಕ್ಯಾಡಿಯ ಮಾತೇ? ಆಟದ ಸಂಪ್ರದಾಯ ನಿಮಗೂ ಹೇಳಿಕೊಡಬೇಕೇ, ಬಿ.ಎ. ಸಾಹೇಬರೇ?” ಸುತ್ತಲಿನವರು ನಕ್ಕರು. ಕಿರಿಯ ಅಧಿಕಾರಿ ತಮ್ಮ ಬೂಟು ನೋಡುತ್ತ ನಿಂತರು. ಸದಸ್ಯರ ಮೇಲೆ ಸುಳ್ಳು ಹೇಳಿದನೆಂದು ಮಲ್ಲಪ್ಪನನ್ನು ಅಂದೇ ತೆಗೆದುಹಾಕಿದರು. ವಾದಿಸಿದೆ, ಕ್ಲಬ್ಬಿನ ಸಮಿತಿಗೆ ಎರಡು ಪತ್ರ ಬರೆದೆ. ಉತ್ತರವೇ ಬರಲಿಲ್ಲ.

ಮಲ್ಲಪ್ಪ ಕ್ಯಾಡಿಯ ಗುರುತಿನ ಹಿತ್ತಾಳೆ ಬಿಲ್ಲೆಯನ್ನು ನನ್ನ ಮೇಜಿನ ಮೇಲಿಟ್ಟ. “ಬ್ರೌನ್ ಬರೋಬರ್ ಆಗೇತಿ, ನೋಡ್ಕೋರಿ ಸಾಹೇಬ್ರ,” ಎಂದು ಹೊರಟುಹೋದ.

ಕೆಲಸ ನಿಲ್ಲಿಸಿ ನಿಂತವನನ್ನು ಬೈಯುವ ಮೊದಲು ಯಾಕೆ ನಿಂತೆ ಎಂದು ಕೇಳಬೇಕು. ನಿವೃತ್ತನಾಗುವವರೆಗೂ ಹಾಗೆಯೇ ಕೇಳಿದೆ. ಆದರೆ ಈ ಪಾಠ ಕಲಿತವನು ನಾನು, ಕೆಲಸ ಕಳೆದುಕೊಂಡವನು ಮಲ್ಲಪ್ಪ.