ಹಾರನಹಳ್ಳಿ ಸರ್ಕಲ್‌ನಲ್ಲಿ ನನ್ನ ಫ್ಲೆಕ್ಸು

ಇಲ್ಲಿ ಮಾನ ಹೋದರೆ ತಿಂಡಿ ಹಂಚಬೇಕು! ಜಿನೀವಾ ಪಕ್ಕ, ಫ್ರಾನ್ಸಿನ ಗಡಿಯ ಈ ಪ್ರಯೋಗಾಲಯಕ್ಕೆ ಬಂದ ಹೊಸದರಲ್ಲಿ ನಾನು ನಂಬಲೇ ಇಲ್ಲ. ಯಾರ ಲೆಕ್ಕ ತಪ್ಪಿತೋ ಅವರು ಮರುದಿನ ಗುಂಪಿಗೆಲ್ಲ ಕ್ರೊಸ್ಸಾನ್ ತರಬೇಕು. ಕ್ರೊಸ್ಸಾನ್ ಎಂದರೆ ಪದರಪದರವಾಗಿ ಬೆಣ್ಣೆ ಸೇರಿಸಿ ಸುಟ್ಟ, ಅರ್ಧಚಂದ್ರದಂಥ ಬನ್ನು. ನಮ್ಮ ಪಿರಿಯಾಪಟ್ಟಣದ ಕಡೆ ಸಿಹಿ ಹಂಚುವುದು ಗೆದ್ದಾಗ. ಸೋತರೆ ನಾಲ್ಕು ದಿನ ಬೀದಿಗೆ ಬರುವುದಿಲ್ಲ.

ನನ್ನ ಕೆಲಸ ಹೇಳಿಬಿಡುತ್ತೇನೆ. ಸೀಸದ ಪರಮಾಣುಗಳ ಒಳಗಿನ ತಿರುಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಎದುರುಬದುರು ಗುದ್ದಿಸುತ್ತಾರೆ. ಆಗ ಸಾವಿರಾರು ಕಣಗಳು ಚಿಮ್ಮುತ್ತವೆ. ಯಾವ ದಿಕ್ಕಿಗೆ ಎಷ್ಟು ಹೋದವು ಎಂದು ನಾನು ಅಳೆಯುತ್ತೇನೆ. ಇಲ್ಲಿಯ ಈ ಬೇಸಿಗೆಯಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲಿ, ಒಂದು ದಿಕ್ಕಿಗೆ ಕಣಗಳು ತೀರಾ ಕಡಿಮೆ ಬಂದವು. ಹೊಸದೇನೋ ಸಿಕ್ಕಿತೆಂದು ಕುಣಿದುಬಿಟ್ಟೆ. ಇದು ನಮ್ಮ ಮಾತು ಆಡುವ ಜನವಿಲ್ಲದ ಊರು. ಖುಷಿ ತಡೆಯದೆ ತಮ್ಮನಿಗೆ ಫೋನ್ ಮಾಡಿದೆ. ಬಾಯಿ ಸುಮ್ಮನಿರಬೇಕಿತ್ತು.

ಮೂರೇ ದಿನ, ಹಾರನಹಳ್ಳಿ ಸರ್ಕಲ್‌ನಲ್ಲಿ ಫ್ಲೆಕ್ಸು! 'ವಿಶ್ವರಹಸ್ಯ ಭೇದಿಸಿದ ನಮ್ಮೂರ ಹೆಮ್ಮೆಯ ಪುತ್ರಿ.' ಕೆಳಗೆ ಶುಭ ಕೋರುವವರ ಫೋಟೊಗಳು, ನನ್ನದಕ್ಕಿಂತ ದೊಡ್ಡವು.

ಅದೇ ವಾರ ಪಕ್ಕದ ಮೇಜಿನ ಹುಡುಗಿ ತಪ್ಪು ಹಿಡಿದಳು. ಆ ದಿಕ್ಕಿನಲ್ಲಿ ನಮ್ಮ ಅಳೆಯುವ ಯಂತ್ರದ ಒಂದು ಭಾಗವೇ ಕೆಟ್ಟಿತ್ತು. ತೂತು ಬಿಂದಿಗೆ ಇಟ್ಟು ಮಳೆ ಕಡಿಮೆ ಎಂದಂತಾಗಿತ್ತು ನನ್ನ ಕತೆ. ಬೆಳಿಗ್ಗೆ ಬೇಕರಿಗೆ ಹೋದೆ. ಇಲ್ಲಿ ಅಂಗಡಿಗೆ ಕಾಲಿಟ್ಟರೆ ಮೊದಲು 'ಬೋಂಜೂರ್' ಎಂದು ನಮಸ್ಕಾರ ಹೇಳಬೇಕು, ಇಲ್ಲದಿದ್ದರೆ ತಿರುಗಿಯೂ ನೋಡರು. ನಾಚಿಕೆಗೆ ಅದನ್ನೂ ಹೇಳದೆ, ಬೆರಳು ತೋರಿಸಿ ಕ್ರೊಸ್ಸಾನ್ ಕೊಂಡೆ. ಗುಂಪಿನವರು ನಗುತ್ತಾ ತಿಂದು ಕೈ ಒರೆಸಿಕೊಂಡರು. ಅವರಿಗೆ ಅಲ್ಲಿಗೆ ಮುಗಿಯಿತು.

ನನಗೆಲ್ಲಿ ಮುಗಿಯುತ್ತದೆ? ಗೌರಿ ಹಬ್ಬಕ್ಕೆ ಊರಿಗೆ ಹೊರಡುವವಳಿದ್ದೆ. ಯಾವ ಮುಖ ಹೊತ್ತು ಹೋಗಲಿ? ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಫ್ಲೆಕ್ಸ್ ತೆಗ್ಸಿ. ನನ್ ಲೆಕ್ಕ ತಪ್ಪಾಗೋಗದೆ."

ಅಪ್ಪ ದನಿ ತಗ್ಗಿಸಿದರು. "ಮಳೆಗೆ ಅರ್ದೋಯ್ತು ಅಂತ ಏಳಾನ ಬುಡವ್ವ. ತಪ್ಪು ಅಂತ ಯಾಕೆ ಏಳ್ಬೇಕು?"

"ಬೇಡಪ್ಪ. ಸುಳ್ಳು ಹೇಳ್ಬೇಡಿ."

"ಆಯ್ತು ಕಣವ್ವ," ಎಂದು ಫೋನ್ ಇಟ್ಟರು.

ಮರುದಿನ ತಮ್ಮ ವಿಡಿಯೊ ಕಳಿಸಿದ. ಅಪ್ಪ ತಾವೇ ಏಣಿ ಹತ್ತಿ ಹಗ್ಗ ಬಿಚ್ಚುತ್ತಿದ್ದರು. ಕೆಳಗೆ ಟೀ ಅಂಗಡಿಯವನ ದನಿ: "ಯಾಕ್ ಗೌಡ್ರೇ, ಇನ್ನೂ ವಾರ ಆಗಿಲ್ವಲ್ಲ?"

"ನಮ್ಮುಡ್ಗಿ ಲೆಕ್ಕ ತಪ್ಪಾಗದೆ ಕಣಪ್ಪ. ಅವ್ಳೇ ಏಳಿದ್ಲು, ತೆಗ್ಸಿ ಅಂತ." ಅಪ್ಪ ಅವನ ಕಡೆ ನೋಡಲಿಲ್ಲ. ನಾಲ್ಕು ಜನ ಸೇರಿದ ಕಡೆ ಎಂದೂ ತಲೆ ತಗ್ಗಿಸದ ಮನುಷ್ಯ.

ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಮ್ಮ ಹಾಲು ಕರೆಯುತ್ತಿದ್ದಳು. ಕೊಟ್ಟಿಗೆಯ ಸೋರುವ ಸೂರಿಗೆ ಅದೇ ಫ್ಲೆಕ್ಸು ಕಟ್ಟಿದ್ದರು. ಅಯ್ಯೋ ಎಂದೆ.

"ಮುಖ ಒಳೀಕೆ ಮಾಡಿ ಕಟ್ಟಿ ಅಂದೆ ಕಣವ್ವ ನಿಮ್ಮಪ್ಪಂಗೆ. ನಾವು ನೋಡ್ಕಂಡ್ರೆ ಸಾಕು. ಅಬ್ಬಕ್ಕೆ ಬತ್ತೀಯ ತಾನೆ?"

"ಬತ್ತೀನಿ," ಎಂದೆ.

ಇಲ್ಲಿಯವರಂತೆ ತಿಂದು ಮರೆಯುವುದು ನನಗೆ ಬರಲಿಲ್ಲ. ಊರಿನವರಂತೆ ಬಾಗಿಲು ಹಾಕಿಕೊಂಡು ಕೂರುವುದೂ ಆಗಲಿಲ್ಲ. ಹೋಗುತ್ತೇನೆ. ಆದರೆ ಸರ್ಕಲ್‌ನಲ್ಲಿ ಇಳಿಯುವ ಧೈರ್ಯವಿಲ್ಲ. ಹಿಂದಿನ ಸ್ಟಾಪಿನಲ್ಲೇ ಬಸ್ಸಿಳಿದು, ಹೊಗೆಸೊಪ್ಪಿನ ಹೊಲಗಳ ಬದುವಿನ ಮೇಲೆ ನಡೆದು ಹಿತ್ತಲ ಬಾಗಿಲಿನಿಂದ ಮನೆ ಸೇರುತ್ತೇನೆ.