ಬೋಣಿಯಾಗಿ ಹೋದ ಕತ್ತಿ

ಬದನೆಕಾಯಿ ಹೆಚ್ಚಲಿಕ್ಕೂ ಎಂದೂ ಈಳಿಗೆ ಮುಟ್ಟದ ನಮ್ಮ ಮನೆಯವರು ಐವತ್ತು ದಾಟಿದ ಮೇಲೆ ಕತ್ತಿ ಹಿಡಿದರು. ಅದೂ ಫೋನಿನೊಳಗೆ.

ಮರಾಠಿ ಗಡಿಯ ನಿಲಂಗಾದಲ್ಲಿ ನಮ್ಮದು ಬಟ್ಟೆ ಅಂಗಡಿ. ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಜನ ಮೊದಲು ಮುಂದೂಡಿದ್ದು ಮದುವೆಗಳನ್ನು. ಮದುವೆ ಇಲ್ಲದ ಊರಿನಲ್ಲಿ ಬಟ್ಟೆ ಅಂಗಡಿಯವನ ಕೆಲಸವೆಂದರೆ ರಸ್ತೆಯಲ್ಲಿ ಹೋಗುವ ಟ್ಯಾಂಕರುಗಳನ್ನು ನೋಡುವುದು. ಅಷ್ಟರಲ್ಲಿ ಉಮರ್ಗಾದ ದತ್ತಾ ಎಂಬ ಮೊಬೈಲ್ ವ್ಯಾಪಾರಿ ನಮ್ಮ ಅಂಗಡಿಯನ್ನು ಬಾಡಿಗೆಗೆ ಕೇಳಿದ. ಸೋಮವಾರ ಬರುತ್ತೇನೆ, ಒಂದು ಮಾತು ಹೇಳಿಬಿಡಿ ಎಂದು ಹೋದ.

“ಕೊಟ್ಟಬಿಡ್ತೀನಿ. ಗಿರಾಕಿನೇ ಇಲ್ಲಂದ್ರ ನಾ ಎಂಥಾ ಶೇಠ?” ಎಂದರು ಇವರು.

ಬಾಡಿಗೆಯೇನೋ ಬಂದೀತು. ಅಂಗಡಿಯ ಗಾದಿಯಿಂದ ಎದ್ದ ಮೇಲೆ ಈ ಮನುಷ್ಯ ಏನಾಗಿ ಉಳಿದಾರು ಎಂಬುದು ನನ್ನ ಚಿಂತೆ.

ಅದೇ ವಾರ ಉದಗೀರಿನಲ್ಲಿ ನೀರಿಲ್ಲದೆ ಹಾಸ್ಟೆಲ್ ಮುಚ್ಚಿ, ಮೈದುನನ ಮಗಳು ಪಲ್ಲವಿ ನಮ್ಮಲ್ಲಿಗೆ ಬಂದಳು. ಕಾಕನ ಜೋಲುಮುಖ ನೋಡಲಾರದೆ ಅವರ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ರೋಲ್ ಪ್ಲೇಯಿಂಗ್ ಗೇಮ್ ಅಂತೆ. ಜೋಳ ಹಸನು ಮಾಡುತ್ತ ಕೂತಿದ್ದ ನನಗೆ ಸಂಶಯ ಬಂತು.

“ಗಾಡಿ ಓಡಿಸೂ ಆಟದಾಗೂ ನಾವು ಡ್ರೈವರನ ಪಾತ್ರನೇ ಮಾಡ್ತೀವಲ್ಲಾ, ಅದಕ್ಯಾಕ ಆ ಹೆಸರಿಲ್ಲ?”

“ಅದ್ರಾಗ ಎಷ್ಟ ಸರ್ತಿ ಗ್ವಾಡಿಗಿ ಬಡದರೂ ಮರದಿನ ಹೊಸಾ ಗಾಡಿನೇ, ಕಾಕು. ಇದ್ರಾಗ ಹಂಗಲ್ಲ. ನೀ ಮಾಡಿದ್ದು ನಿನ್ನ ಮೈಗಿ ಹತ್ತತದ. ಕತ್ತಿ ಆಡಿಸಿದ್ರ ಕತ್ತಿ ಕೈ ಪಳಗತದ, ಮಾತಾಡಿದ್ರ ಮಾತು ಪಳಗತದ.”

ಆದರೆ ಇದು ಅವಳೊಬ್ಬಳ ಮತ. ಆ ಹೆಸರಿಗೆ ಶಕ್ತಿಯ ಅಂಕಿ ಏರುತ್ತ ಹೋದರೆ ಸಾಕು ಎಂದು ಹಾಸ್ಟೆಲಿನ ಒಬ್ಬ ಗೆಳತಿ, ಕಥೆ ಇರಲೇಬೇಕು ಎಂದು ಇನ್ನೊಬ್ಬಳು. ಈ ತಕರಾರಿನಲ್ಲಿ ಅವರು ಒಬ್ಬರಿಗೊಬ್ಬರು ಬಕೆಟ್ ನೀರು ಕೊಡುವುದನ್ನೂ ನಿಲ್ಲಿಸಿದ್ದರಂತೆ. ಶಾಸ್ತ್ರಾರ್ಥವೆಂದರೆ ಎಲ್ಲ ಕಾಲದಲ್ಲೂ ಹೀಗೆಯೇ ಇರಬೇಕು.

ನನಗೆ ನೆನಪಾದದ್ದು ದೇವಣಿಯ ನಮ್ಮ ಸೋದರಮಾವ. ಬಯಲಾಟದಲ್ಲಿ ಪ್ರತಿ ವರ್ಷ ಅವನದು ದುಷ್ಟರಾಜನ ವೇಷ. ಒಂದು ವರ್ಷ ಅವನಿಗೆ ಪಾಪ, ಯುದ್ಧವೇ ಬೇಡ, ರಾಜಿಯಾಗೋಣ ಅನಿಸಿತ್ತು. ಅನಿಸಿ ಏನು ಫಲ? ಪದ ಯಾರೋ ಬರೆದಿಟ್ಟಾಗಿತ್ತು, ಬೆಳಗಾಗುವುದರೊಳಗೆ ಸಾಯಲೇಬೇಕಿತ್ತು. ಪಲ್ಲವಿಯ ಆಟದಲ್ಲಾದರೆ ಅವನು ಬದುಕಿಕೊಳ್ಳುತ್ತಿದ್ದನೇನೋ. ಅಲ್ಲಿ ವೇಷ ಮಾತ್ರ ಅವರು ಕೊಡುತ್ತಾರೆ, ನಡತೆ ನಮ್ಮದು.

ನಡತೆಯ ವಿಷಯದಲ್ಲಿ ಇವರು ಅಂಗಡಿಯ ಮೆಟ್ಟಿಲು ಇಳಿಯಲೇ ಇಲ್ಲ. ವೀರನಿಗೆ ಹೆಸರಿಡು ಎಂದಾಗ ಅಂಗಡಿಯ ಹೆಸರನ್ನೇ ಇಟ್ಟರು. ಅಷ್ಟು ಜಾಗದಲ್ಲಿ ‘ಅಂಡ್ ಸನ್ಸ್’ ಹಿಡಿಯಲಿಲ್ಲವೆಂದು ಪೇಚಾಡಿದರು. ಒಂದು ಹಳ್ಳಿಯ ಬಾವಿಯ ಮೇಲೆ ರಾಕ್ಷಸ ಕೂತಿದ್ದಾನೆ, ಜನ ಬಾಯಾರಿದ್ದಾರೆ, ಅವನನ್ನು ಎಬ್ಬಿಸಬೇಕು, ಇದು ಆಟ. ಇವರು ಆ ದಾರಿಯನ್ನೇ ಬಿಟ್ಟು, ಒಂದೂರಲ್ಲಿ ಔಷಧಿಯ ಬೇರು ಕೊಂಡು ಇನ್ನೊಂದೂರಲ್ಲಿ ಮಾರುತ್ತ, ಸಿಕ್ಕವರೊಡನೆಲ್ಲ ಚೌಕಾಸಿ ಮಾಡುತ್ತ ತಿರುಗಿದರು. ಆಟದ ಇಂಗ್ಲಿಷನ್ನು ಪಲ್ಲವಿ ಓದಿ ಹೇಳುತ್ತಿದ್ದಳಾದ್ದರಿಂದ ಅಲ್ಲಿಯ ಜನರೆಲ್ಲ ಅಪ್ಪಟ ನಿಲಂಗಾದ ಕನ್ನಡ ಆಡುತ್ತಿದ್ದರು.

ರವಿವಾರ ಮುಂಜಾನೆ ಅನಾಹುತವಾಯಿತು. ಆಟ ತೆರೆದ ಕೂಡಲೇ ಒಬ್ಬ ಮುದುಕ ಎದುರಾಗಿ ಕತ್ತಿಯನ್ನು ಅರ್ಧ ಬೆಲೆಗೆ ಕೇಳಿದ. ಕೊಟ್ಟುಬಿಟ್ಟರು! ಕೊಟ್ಟು, ಫೋನನ್ನು ಕಣ್ಣಿಗೊತ್ತಿಕೊಂಡರು.

“ಕಾಕಾ! ರಾಕ್ಷಸನ ಮುಂದ ಏನ್ ಹಿಡಕೊಂಡು ನಿಲ್ತೀರಿ, ಬಟ್ಟಿ ಅಳಿಯೂ ಪಟ್ಟಿ?”

“ಬೋಣಿ ಹೊತ್ತಿನ್ಯಾಗ ಬಂದ ಮೊದಲ್ನೇ ಗಿರಾಕಿನ್ನ ಬರೇ ಕೈಲೆ ಕಳಸ್ಲಿಕ್ಕಿ ಬರ್ತದೇನವ್ವಾ?”

“ಅಂವಾ ಖರೇ ಮನಷ್ಯಾ ಅಲ್ಲ, ಕಾಕಾ!”

“ನಾ ಖರೇ ಶೇಠ ಇದ್ದೀನಲಾ.”

ತಾವಾಡಿದ ಆ ಮಾತು ಅವರಿಗೇ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. ಮೊರ ಕೆಳಗಿಟ್ಟು ನಾನೂ ಫೋನಿನ ಮೇಲೆ ಬಾಗಿದೆ.

ಬರಿಗೈಯಲ್ಲಿಯೇ ಬಾವಿಗೆ ಹೋದರು. ರಾಕ್ಷಸ ಎದ್ದು ನಿಂತ. ಒಲೆಯ ಮೇಲೆ ಹಾಲು ಉಕ್ಕಿದ್ದು ಮೂವರಿಗೂ ತಿಳಿಯಲಿಲ್ಲ. ಆಗ ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು: ಮಾತಾಡಿ ನೋಡುವೆಯಾ? ಪಲ್ಲವಿ ಬಾಯಿ ಬಿಟ್ಟಳು. ಅವಳು ಎಷ್ಟೋ ಸಲ ಆ ರಾಕ್ಷಸನನ್ನು ಕಡಿದವಳು. ಈ ಸಾಲನ್ನು ಕಂಡೇ ಇರಲಿಲ್ಲ. ಊರೂರು ಚೌಕಾಸಿ ಮಾಡಿ ಕಾಕನ ಮಾತಿನ ಅಂಕಿ ಎಲ್ಲಕ್ಕಿಂತ ಮೇಲೆ ಹೋಗಿತ್ತು. ಆಮೇಲೆ ನಡೆದದ್ದು ಯುದ್ಧವಲ್ಲ, ವ್ಯಾಪಾರ. ಬಾವಿ ಊರಿಗೆ, ಗುಡ್ಡದ ಗವಿ ರಾಕ್ಷಸನಿಗೆ ಎಂದು ಸೌದಾ ಮುಗಿಯಿತು.

ರೋಲ್ ಪ್ಲೇಯಿಂಗ್ ಎಂದರೇನು ಎಂಬ ವಾದದಲ್ಲಿ ನನ್ನದೂ ಒಂದು ಮತವಿರಲಿ: ಇನ್ನೊಬ್ಬರ ಅಂಗಿ ತೊಟ್ಟ ಮೇಲೂ ನಿಮ್ಮ ರೂಢಿ ಸುಮ್ಮನಿರದೆ ತೋಳಿನಿಂದ ಹೊರಗೆ ಇಣುಕಬೇಕು, ಎದುರಿನ ಜಗತ್ತು ಅದನ್ನು ಗುರುತಿಸಿ ಉತ್ತರ ಕೊಡಬೇಕು. ಅಷ್ಟಿಲ್ಲದಿದ್ದರೆ ಬೆರಳಿಗೆ ಕಸರತ್ತು ಅಷ್ಟೆ.

ಸೋಮವಾರ ನಾನು ಚಹಾದ ನೆಪ ಮಾಡಿಕೊಂಡು ಅಂಗಡಿಗೆ ಹೋಗಿ ಕೂತೆ. ದತ್ತಾ ಬಂದ.

“ಕಾಯ್ ಶೇಠ್, ಏನ್ ನಕ್ಕಿ ಮಾಡಿದ್ರಿ?”

“ಕೂಡು. ನಿನ್ನ ಮಗಳಿಗಿ ನೋಡ್ಲಿಕ್ಕಿ ಬರೋರ ಇದ್ದಾರಂತಲಾ?” ಎನ್ನುತ್ತ ಇವರು ಆಗಲೇ ಒಂದು ಸೀರೆ ಬಿಚ್ಚಿ ಹಾಸಿದರು.

“ಶೇಠ್, ನಾ ಅಂಗಡಿ ಕೇಳ್ಲಿಕ್ಕಿ ಬಂದೀನಿ.”

“ಅಂಗಡಿ ಎಲ್ಲಿ ಓಡಿ ಹೋಗ್ತದ? ಮೊದಲ ಈ ಅಂಚು ನೋಡು. ಹುಡುಗಿ ಬಣ್ಣ ಕೆಂಪೋ, ಎಣ್ಣಿಗೆಂಪೋ?”

ದತ್ತಾ ನನ್ನ ಕಡೆ ನೋಡಿದ. ನಾನು ಚಹಾ ಬಗ್ಗಿಸಿದೆ. ಅರ್ಧ ತಾಸಿನ ಮೇಲೆ ಅವನು ಸೀರೆಯ ಪೊಟ್ಟಣ ಹಿಡಿದು ಮೆಟ್ಟಿಲಿಳಿದ, ಇಳಿದವನು ತಿರುಗಿ ನಿಂತು, “ಮತ್ತ ಅಂಗಡಿ?” ಎಂದ.

“ಮಳಿ ಆಗ್ಲಿ. ಮದಿವಿ ಜವಳಿಗಿ ಇಲ್ಲೇ ಬಾ,” ಎಂದರು ಇವರು.

ಒಂದು ಸೀರೆ ಮಾರಿದರೆ ಬರಗಾಲ ಹೋಗುವುದಿಲ್ಲ, ನನಗೂ ಗೊತ್ತು. ಗಾದಿಯ ತುಂಬ ಹರಡಿದ್ದ ಉಳಿದ ಸೀರೆಗಳನ್ನು ಮಡಿಚಲು ನಾನು ಕೈ ಹಾಕಿದೆ.

“ಇರ್ಲಿ ಬಿಡು,” ಎಂದರು ರಸ್ತೆಯ ಕಡೆ ನೋಡುತ್ತ. “ಯಾರರೆ ಬರ್ತಾರ.”